ಕೆಳಗಿನ ಹೊಲ ಉತ್ತವರು ಯಾರು?

ನೀವು ಚರಿತ್ರೆ ನಿರ್ಮಿಸುತ್ತಿದ್ದೀರಿ ಎಂದು ಆ ಜನಕ್ಕೆ ಯಾರೂ ಮೊದಲೇ ತಿಳಿಸಿರಲಿಲ್ಲ. ತಿಳಿಸಿದ್ದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ವಲಸಿಗರು ತಮ್ಮ ದಿನಚರಿಗಳಿಗೆ ಒಂದಿಷ್ಟು ಒಗ್ಗರಣೆಯನ್ನಾದರೂ ಹಾಕುತ್ತಿದ್ದರು. ಎತ್ತಿನ ಗಾಡಿ ಕಟ್ಟಿಕೊಂಡು ಅರ್ಧ ಖಂಡ ದಾಟಿ, ಮರುಭೂಮಿಯಲ್ಲಿ ಎತ್ತುಗಳನ್ನು ಕಳೆದುಕೊಂಡು, ಹಿಮದ ಬೆಟ್ಟ ಹತ್ತಿಳಿದು ಕ್ಯಾಲಿಫೋರ್ನಿಯಾಕ್ಕೆ ಬಂದು ಮುಟ್ಟಿದ ಹೆಂಗಸು ಆ ದಿನದ ಬಗ್ಗೆ ಬರೆದಿರುವುದು ಇಷ್ಟೇ: ‘ಗಾಳಿ. ಬಟ್ಟೆ ಒಗೆತ. ರಾತ್ರಿಗೆ ಬೀನ್ಸ್ ಕಾಳು.’ ಮರುದಿನ: ‘ಗಾಳಿ ಜಾಸ್ತಿ. ಕಾಳು.’ ಮೂರನೆಯ ದಿನ ಏನಾದರೂ ಆದೀತೆಂದು ಆಸೆಯಿಂದ ಪುಟ ತಿರುಗಿಸಿದರೆ ಗಾಳಿ ನಿಂತಿರುತ್ತದೆ, ಕಾಳು ಮುಂದುವರಿದಿರುತ್ತದೆ. ಇದನ್ನು ಓದುವುದಕ್ಕೆಂದು ನಾನು ಹೊಸ ಕನ್ನಡಕ ಮಾಡಿಸಿಕೊಂಡೆ.

ಓದಲು ಪುರುಸೊತ್ತು ಒದಗಿಸಿದವರು ನಮ್ಮ ಕಂಪನಿಯವರು. ಮೆನ್ಲೋ ಪಾರ್ಕಿನಲ್ಲಿ, ಕೊಲ್ಲಿಯ ದಡದ ಆಫೀಸಿನಲ್ಲಿ ಕೂತು ಸಾಫ್ಟ್‌ವೇರಿನ ಕೈಪಿಡಿ ಬರೆಯುವುದು ನನ್ನ ಕೆಲಸವಾಗಿತ್ತು. ಯಾರೂ ಓದದ ಪುಸ್ತಕ ಬರೆದು ತಿಂಗಳು ತಿಂಗಳು ಸಂಬಳ ಪಡೆಯುವ ಭಾಗ್ಯ ಕನ್ನಡದ ದೊಡ್ಡ ಲೇಖಕರಿಗೂ ಸಿಕ್ಕಿದ್ದಿಲ್ಲ. ಒಂದು ಬೆಳಿಗ್ಗೆ ಮೀಟಿಂಗಿಗೆ ಕರೆದು, ಇನ್ನು ಮುಂದೆ ಅದನ್ನೆಲ್ಲ ಯಂತ್ರವೇ ಬರೆಯುತ್ತದೆ ಎಂದು ಹೇಳಿ, ನನ್ನ ಮುಂದಿನ ಪಯಣಕ್ಕೆ ಶುಭ ಕೋರಿದರು. ಕೋರುವಾಗ ಅವರ ಕಣ್ಣು ಬೇರೆ ಯಾವುದೋ ಪರದೆಯ ಮೇಲಿತ್ತು. ಮನೆಗೆ ಬಂದರೆ ನನ್ನ ಗಂಡ, “ಸ್ವಲ್ಪ ದಿನ ಆರಾಮಾಗಿ ರೆಸ್ಟ್ ತಗೋ” ಎಂದ. ಆ ವಾರವೇ, ಪ್ಯಾಂಟ್ರಿಯಲ್ಲಿ ಹುಳ ಬಿದ್ದಿರುವ ಹಾಗಿದೆ, ಒಂದು ಸಲ ಎಲ್ಲ ಡಬ್ಬಿ ತೆಗೆದು ನೋಡಿದರೆ ಒಳ್ಳೆಯದು ಎಂದೂ ಸೂಚಿಸಿದ. ಅವನ ರೆಸ್ಟಿನ ಕಲ್ಪನೆ ಅರ್ಥವಾದ ಮೇಲೆ ನಾನು ಮನೆಯಿಂದ ಹೊರಗೆ ಹೋಗಲು ಒಂದು ನೆಪ ಹುಡುಕತೊಡಗಿದೆ.

ಫ್ರೀಮಾಂಟಿನ ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ದೋಸೆ ಹೋಟೆಲೊಂದರ ಹಿಂದೆ, ಒಂದು ಹಳೆಯ ಮರದ ಮನೆಯಿದೆ. ಒಂದು ಕಾಲದಲ್ಲಿ ರೈತನ ಮನೆ; ಈಗ ಊರಿನ ಚರಿತ್ರೆ ಕಾಯುವ ಸಣ್ಣ ಸಂಘವೊಂದರ ಕೈಯಲ್ಲಿದೆ. ಅದನ್ನು ನೋಡಿಕೊಳ್ಳುವವರು ಒಬ್ಬ ನಿವೃತ್ತ ಶಾಲಾ ಶಿಕ್ಷಕಿ. ನಾನು ಬಾಗಿಲಲ್ಲಿ ಕಾಣಿಸಿಕೊಂಡಾಗ ಹೋಟೆಲಿನ ದಾರಿ ಕೇಳಲು ಬಂದೆನೆಂದುಕೊಂಡು ಕೈ ತೋರಿಸಿಯೇಬಿಟ್ಟರು. ಸೇವೆ ಮಾಡಲು ಬಂದವಳೆಂದು ತಿಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ನನಗೆ ಕೂಡುಬರಹ ಓದಲು ಬರುತ್ತದೆಯೇ? ಅಮೆರಿಕದ ಈಗಿನ ಹುಡುಗರಿಗೆ ಬರುವುದಿಲ್ಲವಂತೆ. ಹಾಸನದ ಶಾಲೆಯಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಬೆರಳು ನೋಯುವವರೆಗೆ ತಿದ್ದಿದವಳು ನಾನು. ಅವರ ಮುತ್ತಜ್ಜಿಯರ ಅಕ್ಷರವನ್ನು ಅವರ ಮೊಮ್ಮಕ್ಕಳಿಗೆ ಓದಿ ಹೇಳುವ ಹೊಣೆ ಹೀಗೆ ಹಾಸನದ ಪಾಲಿಗೆ ಬಂತು.

ಕೆಲಸ ಒಪ್ಪಿಸುವ ಮೊದಲು ಶಿಕ್ಷಕಿ ಸ್ವಲ್ಪ ತಡವರಿಸಿದರು. “ಇದರಲ್ಲಿ ಅಲ್ಲಲ್ಲಿ ಇಂಡಿಯನ್ನರ ಬಗ್ಗೆ ಒರಟು ಮಾತುಗಳಿವೆ. ನೀವು ಮನಸ್ಸಿಗೆ ಹಚ್ಚಿಕೊಳ್ಳಬಾರದು” ಎಂದರು. ಯಾವನೋ ನಾವಿಕ ದಾರಿ ತಪ್ಪಿ ಇಲ್ಲಿಗೆ ಬಂದು ನಮ್ಮ ಹೆಸರನ್ನು ಇಲ್ಲಿನ ಮೂಲ ನಿವಾಸಿಗಳಿಗೆ ಅಂಟಿಸಿ ಹೋದದ್ದರಿಂದ, ಇಷ್ಟು ಶತಮಾನಗಳಾದ ಮೇಲೆ ನನಗೆ ಕ್ಷಮಾಪಣೆ ಸಿಕ್ಕಿತು. ಅವರ ಪರವಾಗಿ ಸ್ವೀಕರಿಸಲು ನನಗೇನು ಹಕ್ಕು? ಆದರೂ ತಲೆಯಾಡಿಸಿದೆ. ಬಿಟ್ಟಿ ಸಿಕ್ಕಿದ್ದನ್ನು ಬೇಡವೆನ್ನುವ ಅಭ್ಯಾಸ ನನಗಿಲ್ಲ.

ನನ್ನ ಪಾಲಿಗೆ ಬಂದದ್ದು ಗಂಡ ಹೆಂಡತಿಯರಿಬ್ಬರ ಬರಹ. ಗಂಡನದು ಮುಪ್ಪಿನಲ್ಲಿ ಬರೆಸಿ ಅಚ್ಚು ಹಾಕಿಸಿದ ಆತ್ಮಕಥೆ: ದಪ್ಪ ರಟ್ಟು, ಮೊದಲ ಪುಟದಲ್ಲೇ ಗಡ್ಡದ ಚಿತ್ರ. ಹೆಂಡತಿಯದು ದಿನಚರಿ, ಅಂದರೆ ಆ ಕಾಳು ಮತ್ತು ಗಾಳಿ. ಗಂಡನ ಪುಸ್ತಕ ಓದಲು ಬಹಳ ಸೊಗಸು. ಪುಟ ತೆರೆದರೆ ಸಾಕು, ಅವನು ಕರಡಿ ಕೊಲ್ಲುತ್ತಾನೆ, ನದಿ ದಾಟುತ್ತಾನೆ, ನ್ಯಾಯ ಹೇಳುತ್ತಾನೆ. ‘ನಾವು ಬಂದಾಗ ಇಲ್ಲಿ ಏನೂ ಇರಲಿಲ್ಲ’ ಎಂದು ಶುರುಮಾಡುತ್ತಾನೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮುಂದೆ, ಇಲ್ಲಿದ್ದ ಇಂಡಿಯನ್ನರು ಅವರಿಗೆ ಮೀನು ತಂದುಕೊಟ್ಟು ಬದುಕಿಸಿದ ಸಂಗತಿಯೂ ಬರುತ್ತದೆ. ಏನೂ ಇರದ ಜಾಗದಲ್ಲಿ ಮೀನು ಹಿಡಿದುಕೊಂಡು ನಿಂತಿದ್ದವರು ಯಾರೆಂದು ಆ ಮಹಾನುಭಾವ ಒಂದು ಸಲವೂ ಕೇಳಿಕೊಂಡಿಲ್ಲ.

ಈ ವಾಕ್ಯ ನನಗೆ ತೀರಾ ಪರಿಚಿತವಾಗಿತ್ತು. ಫ್ರೀಮಾಂಟಿನ ಯಾವ ಕನ್ನಡದ ಮನೆಗೆ ಊಟಕ್ಕೆ ಹೋದರೂ ಹಿರಿಯರೊಬ್ಬರು ಇದನ್ನು ಹೇಳದೆ ಕೈ ತೊಳೆಯುವುದಿಲ್ಲ. “ನಾವ್ ಬಂದಾಗ ಇಲ್ಲಿ ಏನೂ ಇರ್ಲಿಲ್ಲಮ್ಮ.” ಕೊತ್ತಂಬರಿ ಸೊಪ್ಪು ಇರಲಿಲ್ಲ, ಸೋನಾಮಸೂರಿ ಇರಲಿಲ್ಲ, ಕರಿಬೇವನ್ನು ಯಾರೋ ಸಾಕ್ಸಿನೊಳಗಿಟ್ಟು ತಂದಿದ್ದರು. ಎಲ್ಲರೂ ಎರಡೇ ಸೂಟ್‌ಕೇಸಿನಲ್ಲಿ ಬಂದವರು; ವಿಮಾನದವರು ಅದಕ್ಕಿಂತ ಹೆಚ್ಚಿಗೆ ಬಿಡುತ್ತಿರಲಿಲ್ಲ ಎನ್ನುವುದನ್ನು ಮರೆತವರು. ಎತ್ತಿನ ಗಾಡಿಯ ಜಾಗದಲ್ಲಿ ಹಳೇ ಕಾರು, ಕರಡಿಯ ಜಾಗದಲ್ಲಿ ವೀಸಾ ಆಫೀಸು. ಮಿಕ್ಕದ್ದೆಲ್ಲ ಅದೇ ಕಥೆ.

ನಾನು ಹಳೇ ದಿನಚರಿ ಓದುತ್ತಿರುವ ಸುದ್ದಿ ನಮ್ಮ ಕನ್ನಡ ಕೂಟದ ಅಧ್ಯಕ್ಷರ ಕಿವಿಗೆ ಬಿತ್ತು. ಮಂಡ್ಯದ ಕಡೆಯವರು, ಕಂಪ್ಯೂಟರಿನ ಚಿಪ್ಪು ಮಾಡುವ ಕಂಪನಿಯಿಂದ ನಿವೃತ್ತರಾದವರು, ಹೈಸ್ಕೂಲಿನಲ್ಲಿ ವ್ಯಾಕರಣಕ್ಕೆ ಬಹುಮಾನ ಗೆದ್ದವರು. ಈ ಮೂರನೆಯದನ್ನು ಅವರು ಇನ್ನೂ ಮರೆತಿಲ್ಲ, ನಮಗೂ ಮರೆಯಲು ಬಿಟ್ಟಿಲ್ಲ. ಕೂಟದ ವಾರ್ಷಿಕೋತ್ಸವಕ್ಕೆ ಸ್ಮರಣ ಸಂಚಿಕೆ ತರುತ್ತಿದ್ದರು. ಅದರ ತುಂಬ ನಮ್ಮ ಹಿರಿಯರು ಇಲ್ಲಿಗೆ ಬಂದ ಕಥೆಗಳು.

“ನೋಡಮ್ಮ, ನಾವೂ ಪಯನಿಯರ್ಸೇ ಅಲ್ವಾ?” ಎಂದರು ಫೋನಿನಲ್ಲಿ. “ಆ ವೈಟ್ ಸೆಟ್ಲರ್ಸ್ ಡೈರಿನ ಒಂದೆರಡು ಪೇಜು ಕನ್ನಡಕ್ಕೆ ಮಾಡ್ಕೊಡು. ಫ್ರಂಟಲ್ಲಿ ಅದು, ಹಿಂದೆ ನಮ್ದು. ಕಂಪೇರಿಸನ್ನು ಚೆನ್ನಾಗಿರುತ್ತೆ.”

ಕರಡಿ ಕೊಂದವನ ಸಾಲಿಗೆ ನಮ್ಮ ಹಿರಿಯರನ್ನು ಸೇರಿಸುವ ಕೆಲಸ ಎಂದು ಗೊತ್ತಿದ್ದೂ ಒಪ್ಪಿಕೊಂಡೆ. ಪ್ಯಾಂಟ್ರಿಯ ಡಬ್ಬಿಗಳು ಇನ್ನೂ ಹಾಗೇ ಇದ್ದವು.

ಗಂಡನ ಕರಡಿಯನ್ನು ಬಿಟ್ಟು ನಾನು ಹೆಂಡತಿಯ ದಿನಚರಿಯನ್ನೇ ಆರಿಸಿಕೊಂಡೆ. ಚಿಕ್ಕ ಚಿಕ್ಕ ವಾಕ್ಯ, ಬೇಗ ಮುಗಿಯುತ್ತದೆ ಎಂಬ ಲೆಕ್ಕ. ಸಿಕ್ಕಿಬಿದ್ದದ್ದು ಅಲ್ಲೇ. ಆ ಹೆಂಗಸು ಎಲ್ಲಿಯೂ ‘ಐ’ ಎಂದು ಬರೆದಿಲ್ಲ. ‘ಪ್ಲೌಡ್ ಲೋಯರ್ ಫೀಲ್ಡ್’ ಎಂದಷ್ಟೇ ಬರೆದು ಪೆನ್ನು ಕೆಳಗಿಡುತ್ತಾಳೆ. ಕೆಳಗಿನ ಹೊಲ ಉತ್ತದ್ದಾಯಿತು, ಸರಿ. ಉತ್ತವರು ಯಾರು? ಇಂಗ್ಲಿಷಿಗೆ ಆ ಚಿಂತೆಯಿಲ್ಲ. ಯಾರು ಉತ್ತರೂ ಅದಕ್ಕೆ ಒಂದೇ ‘ಪ್ಲೌಡ್’. ಕನ್ನಡದ ಕ್ರಿಯಾಪದ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಉತ್ತೆ ಎಂದರೆ ಅವಳು, ಉತ್ತರು ಎಂದರೆ ಗಂಡ, ಉತ್ತೆವು ಎಂದರೆ ಇಬ್ಬರೂ. ನಾನು ಜಾಣತನ ಮಾಡಿ, ‘ಕೆಳಗಿನ ಹೊಲದ ಉಳುಮೆ ಆಯಿತು’ ಎಂದು ಬರೆದು ಕಳಿಸಿದೆ. ಸರ್ಕಾರಿ ಕಚೇರಿಯಲ್ಲಿ ತಪ್ಪಾದಾಗ ‘ಕ್ರಮ ಕೈಗೊಳ್ಳಲಾಗಿದೆ’ ಎನ್ನುತ್ತಾರಲ್ಲ, ಆ ಜಾಣತನ.

ಅಧ್ಯಕ್ಷರು ಹಿಡಿದೇಬಿಟ್ಟರು. “ಇದ್ರಲ್ಲಿ ಕರ್ತೃ ಎಲ್ಲಮ್ಮ? ಕರ್ತೃನೇ ಇಲ್ದಿದ್ರೆ ಸೆಂಟೆನ್ಸು ಸಪ್ಪೆ ಹೊಡಿಯುತ್ತೆ. ಹೊಲ ಉತ್ತಿದ್ದು ಗಂಡ ತಾನೆ? ‘ನಮ್ಮ ಯಜಮಾನರು ಉತ್ತರು’ ಅಂತ ಹಾಕು.”

ಹಾಕುವ ಮೊದಲು ಇರಲಿ ಎಂದು ಗಂಡನ ಆತ್ಮಕಥೆ ತೆಗೆದು ನೋಡಿದೆ. ‘ಆ ನೆಲವನ್ನು ಮೊದಲು ಸೀಳಿದ್ದು ನನ್ನ ಈ ಎರಡು ಕೈಗಳು’ ಎಂದು ಎದೆ ತಟ್ಟಿಕೊಂಡಿದ್ದ. ಆಮೇಲೆ ದಿನಚರಿಯ ಅದೇ ತಿಂಗಳಿನ ಪುಟಗಳನ್ನು ಹಿಂದೆ ಮುಂದೆ ತಿರುಗಿಸಿದೆ. ಪೂರ್ತಿ ತಿಂಗಳು ಆ ಎರಡು ಕೈಗಳು ಬೆಟ್ಟದಲ್ಲಿದ್ದವು, ಬೋಗುಣಿ ಹಿಡಿದು ಹೊಳೆಯ ನೀರಿನಲ್ಲಿ ಚಿನ್ನ ಜಾಲಿಸುತ್ತಿದ್ದವು. ‘ಯಜಮಾನರ ಕಾಗದ ಬಂತು. ಚಿನ್ನ ಸಿಕ್ಕಿಲ್ಲವಂತೆ. ಅಂಗಿ ಕಳಿಸಲು ಬರೆದಿದ್ದಾರೆ’ ಎಂದು ಅವಳು ಬರೆದ ಮರುದಿನವೇ ಹೊಲ ಉತ್ತಿರುವುದು. ಗಂಡನನ್ನು ಅವಳು ಎಲ್ಲಿಯೂ ಹೆಸರು ಹಿಡಿದು ಕರೆದಿಲ್ಲ. ನಮ್ಮ ಅಜ್ಜಿಯರ ಹಾಗೆ ಉದ್ದಕ್ಕೂ ‘ಮಿಸ್ಟರ್’, ನನ್ನ ಕನ್ನಡದಲ್ಲಿ ‘ಯಜಮಾನರು’. ಇಷ್ಟು ವರ್ಷ ಎಲ್ಲರೂ ಓದಿಕೊಂಡು ಬಂದ ಒಂದು ಸಾಲಿಗೆ ಕನ್ನಡ ಹಾಕಹೊರಟ ಕಾರಣಕ್ಕೇ ಅದನ್ನು ಬರೆದವಳು ಎದ್ದು ಬಂದಿದ್ದಳು. ‘ಕೆಳಗಿನ ಹೊಲ ಉತ್ತೆ’ ಎಂದು ಬರೆದೆ.

ಮರುದಿನ ಶಿಕ್ಷಕಿಗೆ ಹೇಳಿದೆ. ಸಂಘದ ಹಜಾರದಲ್ಲಿ ಒಂದು ಫಲಕವಿದೆ, ಗಡ್ಡದ ಚಿತ್ರದ ಕೆಳಗೆ ‘ಈ ನೆಲವನ್ನು ಮೊದಲು ಉತ್ತವನು’ ಎಂದು. ಅವರು ದಿನಚರಿ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು. “ಅವರ ವಂಶದವರು ಯಾವಾಗಲೂ ಹೀಗೇ ಹೇಳುತ್ತ ಬಂದಿದ್ದಾರೆ” ಎಂದರು. ಸಮಿತಿಯ ಮುಂದಿಡುತ್ತೇನೆ ಎಂದರು. ಸಮಿತಿ ಕೂತು, ಚರ್ಚಿಸಿ, ಫಲಕವನ್ನು ‘ಈ ನೆಲವನ್ನು ಮೊದಲು ಉತ್ತ ದಂಪತಿ’ ಎಂದು ತಿದ್ದಿತು. ಬೆಟ್ಟದಲ್ಲಿ ಚಿನ್ನ ಹುಡುಕುತ್ತಲೇ ಇಲ್ಲಿ ನೇಗಿಲನ್ನೂ ಹಿಡಿದ ಪುಣ್ಯಾತ್ಮನಾದ ಅವನು. ನನಗೆ ಸಿಟ್ಟು ಬಂತು. ಸತ್ತು ಎಷ್ಟೋ ಕಾಲವಾದ, ಮುಖವನ್ನೇ ನೋಡದ ಹೆಂಗಸಿನ ಪರವಾಗಿ ಹೀಗೆ ಸಿಟ್ಟು ಬರಬಹುದೆಂದು ನನಗೇ ಗೊತ್ತಿರಲಿಲ್ಲ.

ಆ ಸಿಟ್ಟನ್ನು ನಾನು ಹೇಳಿಕೊಂಡದ್ದು ಆಂಟಿಯ ಹತ್ತಿರ. ಉಡುಪಿ ಕಡೆಯ ಆಂಟಿ ನಮ್ಮ ಪಕ್ಕದ ಬೀದಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಈ ಊರಿನಲ್ಲಿ ಕನ್ನಡದವರಿಗೆ ಮೊದಲು ಬೇಳೆ, ಹುಣಸೆಹಣ್ಣು ಸಿಕ್ಕಿದ್ದು ಅವರ ಮನೆಯ ಗ್ಯಾರೇಜಿನಲ್ಲಿ. ವ್ಯಾನು ಓಡಿಸಿಕೊಂಡು ಓಕ್ಲೆಂಡ್ ಬಂದರಿನ ಹತ್ತಿರದ ಗೋದಾಮಿಗೆ ಹೋಗಿ ಮೂಟೆ ಹೊತ್ತು ತರುತ್ತಿದ್ದವರು ಆಂಟಿ. ಗಂಡ ಇಂಜಿನಿಯರು. ಆಫೀಸಿನವರು ಯಾರಾದರೂ ಬೇಳೆ ಕೊಳ್ಳಲು ಬಂದು ತನ್ನನ್ನು ನೋಡಿಬಿಟ್ಟರೆ ಎಂಬ ನಾಚಿಕೆಯಿಂದ ಶನಿವಾರವಿಡೀ ಮಹಡಿಯ ಕೋಣೆಯಲ್ಲಿ ಅಡಗಿರುತ್ತಿದ್ದರಂತೆ. ಮುಂದೆ ಗ್ಯಾರೇಜಿನ ವ್ಯಾಪಾರ ಬೆಳೆದು ರಸ್ತೆಯ ಮೇಲೆ ದೊಡ್ಡ ಅಂಗಡಿಯಾಯಿತು. ನಿವೃತ್ತರಾದ ಗಂಡ ಇಳಿದು ಬಂದು ಗಲ್ಲಾದ ಮೇಲೆ ಕೂತರು. ಊರಿನ ಬಾಯಲ್ಲಿ ಅದು ‘ಅಂಕಲ್ ಅಂಗಡಿ’ ಆಯಿತು. ಅಂಕಲ್ ಹೋಗಿ ಎರಡು ವರ್ಷವಾಗಿದೆ, ಅಂಗಡಿಯನ್ನೂ ಮಾರಿದ್ದಾರೆ. ಹೆಸರು ಮಾತ್ರ ಹಾಗೇ ಉಳಿದಿದೆ.

ಆಂಟಿ ನನ್ನ ಕಥೆಯನ್ನು ಕೇಳಿ, ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, “ಎಂತ ಮಾರಾಯ್ತಿ, ಸತ್ತವರ ವಿಷಯಕ್ಕೆ ಇಷ್ಟು ಬಿಸಿ ಆಗುದಾ ನೀನು?” ಎಂದು ನಕ್ಕರು. ತಾವೂ ಸಂಚಿಕೆಗೆ ಒಂದು ಪುಟ ಬರೆದುಕೊಟ್ಟಿರುವುದಾಗಿ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಸ್ವಲ್ಪ ಸಂಭ್ರಮ ಇತ್ತು. “ನಾನು ಶಾಲೆ ಬಿಟ್ಟ ಮೇಲೆ ಕನ್ನಡದಲ್ಲಿ ಇಷ್ಟು ಉದ್ದ ಬರೆದದ್ದು ಇದೇ ಮೊದಲು, ಗೊತ್ತುಂಟಾ?”

ಅಚ್ಚಿಗೆ ಹೋಗುವ ಮುಂಚೆ ಕರಡು ಪುಟಗಳನ್ನು ನೋಡಲು ಅಧ್ಯಕ್ಷರು ನನಗೇ ಕಳಿಸಿದರು. ಮೊದಲಿಗೆ ಅವರದೇ ಲೇಖನ. ಕರಡಿಯೊಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು. ಅದನ್ನು ದಾಟಿ ಆಂಟಿಯ ಪುಟಕ್ಕೆ ಬಂದೆ. ಹೀಗಿತ್ತು: ‘ನಮ್ಮ ಯಜಮಾನರು ಗ್ಯಾರೇಜಿನಲ್ಲಿ ಅಂಗಡಿಯನ್ನು ಪ್ರಾರಂಭಿಸಿದರು. ಅದಕ್ಕಾಗಿ ವ್ಯಾನು ಚಾಲನೆಯನ್ನು ಕಲಿತರು. ಓಕ್ಲೆಂಡಿನ ಗೋದಾಮಿನಿಂದ ಬೇಳೆ ಹಾಗೂ ಅಕ್ಕಿಯ ಮೂಟೆಗಳನ್ನು ಹೊತ್ತು ತಂದರು. ನನಗೆ ಇಷ್ಟವಿರಲಿಲ್ಲ. ಆದರೂ ಅವರು ಬಿಡಲಿಲ್ಲ.’

ಎರಡು ಸಲ ಓದಿದೆ. ಆಂಟಿಗೇನಾದರೂ ಅರಳುಮರಳೇ ಎಂದುಕೊಂಡೆ. ಅವರ ಕೈಬರಹದ ಮೂಲವನ್ನು ಕಳಿಸಿ ಎಂದು ಕೇಳಿ ತರಿಸಿ ನೋಡಿದರೆ, ಆಂಟಿ ತಮ್ಮ ಊರಿನ ಕನ್ನಡದಲ್ಲಿ, ಮಾತಾಡುವ ಹಾಗೆಯೇ ಬರೆದಿದ್ದರು: ‘ಗ್ಯಾರೇಜಿನಲ್ಲಿ ಅಂಗಡಿ ಶುರು ಮಾಡಿದ್ದು. ವ್ಯಾನು ಬಿಡ್ಲಿಕ್ಕೆ ಕಲಿತದ್ದು. ಓಕ್ಲೆಂಡಿನ ಗೋದಾಮಿಂದ ಬೇಳೆ, ಕುಚ್ಚಲಕ್ಕಿ ಮೂಟೆ ಹೊತ್ತು ತಂದದ್ದು. ಇವರಿಗೆ ಇಷ್ಟ ಇರಲಿಲ್ಲ. ಆದ್ರೂ ಬಿಡಲಿಲ್ಲ.’

ಮಾಡಿದ್ದು, ಕಲಿತದ್ದು, ತಂದದ್ದು. ಕನ್ನಡದ ಕ್ರಿಯಾಪದ ಯಾರನ್ನೂ ಅಡಗಿಸಿಡುವುದಿಲ್ಲ ಎಂದು ನಾನು ಬೀಗಿದ್ದೆನಲ್ಲ, ಕರಾವಳಿಯವರು ದಿನಾ ಆಡುವ ಈ ರೂಪವನ್ನು ಮರೆತೇಬಿಟ್ಟಿದ್ದೆ. ನಾನು ಮಾಡಿದರೂ ಮಾಡಿದ್ದು, ಅವರು ಮಾಡಿದರೂ ಮಾಡಿದ್ದು. ಅಧ್ಯಕ್ಷರ ವ್ಯಾಕರಣದ ಕಣ್ಣಿಗೆ ಇದು ಕರ್ತೃವಿಲ್ಲದ ಸಪ್ಪೆ ವಾಕ್ಯ. ಅವರೇ ಒಬ್ಬ ಕರ್ತೃವನ್ನು ಒದಗಿಸಿದ್ದರು. ಒದಗಿಸಿದ ಮೇಲೆ ‘ಇವರಿಗೆ ಇಷ್ಟ ಇರಲಿಲ್ಲ’ ಎಂಬ ಸಾಲು ಅರ್ಥ ಕೆಡಿಸುತ್ತದೆ. ಆದ್ದರಿಂದ ಅದನ್ನೂ ತಿರುಗಿಸಿ ಸರಿಪಡಿಸಿದ್ದರು.

ಪಿತ್ತ ನೆತ್ತಿಗೇರಿ ಫೋನು ಮಾಡಿದೆ. ಅವರಿಗೆ ಒಂದಿಷ್ಟೂ ಅಳುಕಿಲ್ಲ. “ಅಲ್ಲಮ್ಮ, ಹಳೇ ಕಾಲದ ಹೆಂಗಸ್ರು ಗಂಡನ ಹೆಸ್ರು ಹೇಳಲ್ಲ ಅಲ್ವಾ? ಅದಕ್ಕೇ ಪಾಪ ಕರ್ತೃ ಬಿಟ್ಟು ಬರ್ದಿದ್ದಾರೆ ಅನ್ಕೊಂಡೆ. ರೆಸ್ಪೆಕ್ಟಿಗೆ.” ಮರ್ಯಾದೆಗೆಂದು ಗಂಡನ ಹೆಸರು ಬಿಡುವ ನಮ್ಮ ಪದ್ಧತಿ ಎಷ್ಟು ಗಟ್ಟಿಯೆಂದರೆ, ಹೆಂಗಸು ಯಾರ ಹೆಸರನ್ನೂ ಹೇಳದಿದ್ದರೆ ಅಲ್ಲಿ ಗಂಡ ಇದ್ದಾನೆಂದೇ ಲೆಕ್ಕ. “ಮೂಲದಲ್ಲಿದ್ದ ಹಾಗೇ ಬಿಟ್ಬಿಡಿ ಸಾರ್” ಎಂದೆ. “ಸೋಮವಾರ ಪ್ರಿಂಟಿಗೆ ಹೋಗ್ತಾ ಇದೆ. ಅವ್ರೇ ಹೇಳ್ಲಿ ನೋಡೋಣ” ಎಂದರು.

ಕರಡನ್ನು ಹಿಡಿದುಕೊಂಡು ಆಂಟಿಯ ಮನೆಗೆ ಹೋದೆ. ಅವರು ಅದನ್ನು ನಿಧಾನವಾಗಿ, ಬೆರಳಿಟ್ಟು ಓದಿದರು. ಓದಿ ಮುಗಿಸಿ ಮಡಿಲಲ್ಲಿಟ್ಟುಕೊಂಡರು.

“ಇರ್ಲಿ ಬಿಡು” ಎಂದರು. “ಬದುಕಿದ್ದಾಗ ಒಂದು ಮೂಟೆ ಎತ್ತಲಿಲ್ಲ. ಈಗಾದ್ರೂ ಎತ್ತಲಿ.”

ನಾನು ನಕ್ಕೆ. ಅವರು ನಗಲಿಲ್ಲ. ಅಡುಗೆಮನೆಯಲ್ಲಿ ಅವರ ಮಗಳು ಫೋನಿನಲ್ಲಿ ಯಾರಿಗೋ ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು: ಕೂಟದವರು ಡ್ಯಾಡಿಯ ಸ್ಟೋರಿನ ಬಗ್ಗೆ ಬರೆಯುತ್ತಿದ್ದಾರೆ, ಅಮ್ಮನನ್ನು ಸ್ಟೇಜಿಗೆ ಕರೆಯುತ್ತಾರೆ, ಹೌ ಸ್ವೀಟ್. ಆಂಟಿ ಆ ಕಡೆಗೆ ಕಿವಿಕೊಟ್ಟರು. “ಇವಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ. ಸಣ್ಣವಳಿದ್ದಾಗ ನನ್ನ ವ್ಯಾನಿನ ಹಿಂದೆ ಅಕ್ಕಿ ಮೂಟೆ ಮೇಲೆ ಕೂತು ಬರ್ತಿದ್ದದ್ದು. ಇವಳೇ ಡ್ಯಾಡಿ ಸ್ಟೋರು ಅಂತಾಳೆ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಆ ಹೊಲದ ಹೆಂಗಸು? ಗಂಡ ಸುಳ್ಳು ಬರೆದಾಗ ಅವಳು ಎಂತ ಮಾಡಿದ್ದು?” ಎಂದು ಕೇಳಿದರು.

“ಅಷ್ಟು ಹೊತ್ತಿಗೆ ಅವಳು ತೀರಿಕೊಂಡಿದ್ದಳು ಆಂಟಿ. ಹೇಳೋರು ಯಾರೂ ಇರ್ಲಿಲ್ಲ.”

ಆಂಟಿ ಕರಡನ್ನು ಮಡಚಿ ಟೀಪಾಯಿಯ ಮೇಲಿಟ್ಟರು. “ನಾನು ಸಾಯ್ಲಿಲ್ಲ ಅಲ್ವಾ ಇನ್ನೂ? ಅವರಿಗೆ ಫೋನು ಹಚ್ಚು.”

ಹಚ್ಚಿ ಸ್ಪೀಕರಿನಲ್ಲಿಟ್ಟೆ. ಅಧ್ಯಕ್ಷರು ಈ ದೇಶಕ್ಕೆ ಒಂಟಿಯಾಗಿ ಬಂದಿದ್ದಾಗ ಆಂಟಿಯ ಮನೆಯಲ್ಲಿ ಊಟ ಮಾಡಿಕೊಂಡಿದ್ದವರು. ಇವತ್ತಿಗೂ ಅತ್ತಿಗೆ ಎನ್ನುತ್ತಾರೆ.

“ಹೇಳಿ ಅತ್ತಿಗೆ.”

“ನಿಮ್ಮ ಹೆಂಡತಿ ಬಸುರಿ ಇದ್ದಾಗ, ಹುಣಸೆಹುಳಿ ಬೇಕು ಅಂತ ಮಳೆಯಲ್ಲಿ ಬಂದು ನಮ್ಮ ಬೆಲ್ಲು ಒತ್ತಿದ್ದು ಯಾರು ಮಾರಾಯ್ರೇ?”

“ಅಯ್ಯೋ, ನಾನೇ ಅತ್ತಿಗೆ.”

“ಮೂಟೆ ಬಿಚ್ಚಿ ಕಟ್ಟಿ ಕೊಟ್ಟದ್ದು ಯಾರು?”

“ನೀವು.”

“ಆವಾಗ ಇವರು ಎಲ್ಲಿದ್ದದ್ದು?”

“ಮೇಲೆ... ರೂಮಲ್ಲಿ ಇದ್ರು ಅನ್ಸುತ್ತೆ.”

“ಹಾಂ. ನಿಮ್ಮ ಆ ಕರ್ತೃ ಸಿಕ್ಕಿದ್ನಾ, ಸಿಕ್ಕಿದ್ಲಾ?”

“ಹೊಸದಾಗಿ ಬರ್ದುಕೊಡಿ ಅತ್ತಿಗೆ” ಎಂದರು ವ್ಯಾಕರಣದ ಬಹುಮಾನ ಗೆದ್ದವರು. ಆಂಟಿ ಅದೇ ಮಧ್ಯಾಹ್ನ ಪುಟವನ್ನು ಮತ್ತೆ ಬರೆದುಕೊಟ್ಟರು. ಈ ಸಲ ಪ್ರತಿಯೊಂದು ವಾಕ್ಯದ ತಲೆಯ ಮೇಲೂ ‘ನಾನು’ ಇತ್ತು. ನಾನು ಅಂಗಡಿ ಶುರು ಮಾಡಿದ್ದು. ನಾನು ವ್ಯಾನು ಬಿಡ್ಲಿಕ್ಕೆ ಕಲಿತದ್ದು. ನಾನು ಮೂಟೆ ಹೊತ್ತದ್ದು. ಇಡೀ ಪುಟದಲ್ಲಿ ಗಂಡ ಬರುವುದು ಒಂದೇ ಕಡೆ, ಇಷ್ಟ ಇಲ್ಲದವರಾಗಿ. ಅಧ್ಯಕ್ಷರು ನನಗೆ ಮಾತ್ರ ಗುಟ್ಟಾಗಿ ಹೇಳಿದರು, “ಲೈನು ಲೈನಿಗೂ ನಾನು ನಾನು ಅಂದ್ರೆ ಸ್ವಲ್ಪ ಅಹಂಕಾರ ಅನ್ಸಲ್ವೇನಮ್ಮ?” ಅವರ ಸ್ವಂತ ಲೇಖನದ ಕರಡು ಆಗ ನನ್ನ ಕೈಯಲ್ಲೇ ಇತ್ತು. “ಅನ್ಸುತ್ತೆ ಸಾರ್” ಎಂದೆ. ಎರಡೂ ಇದ್ದಂತೆಯೇ ಅಚ್ಚಿಗೆ ಹೋದವು.

ಸಂಚಿಕೆಯ ಬಿಡುಗಡೆ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ನಡೆಯಿತು. ನಾಡಗೀತೆ, ದೀಪ, ತಡವಾಗಿ ಬಂದ ಮುಖ್ಯ ಅತಿಥಿ, ಆರಿದ ಬಿಸಿಬೇಳೆಬಾತು, ಎಲ್ಲವೂ ಕ್ರಮಪ್ರಕಾರ ಆದವು. ಹಿರಿಯರು ಒಬ್ಬೊಬ್ಬರಾಗಿ ಬಂದು ಏನೂ ಇರದ ಊರನ್ನು ಕಟ್ಟಿ ಇಳಿದು ಹೋದರು. ಕೊನೆಯಲ್ಲಿ ಆಂಟಿ ತಮ್ಮ ಪುಟ ಓದಲು ಮೈಕಿನ ಮುಂದೆ ನಿಂತರು. ಮೊದಲ ‘ನಾನು’ವಿಗೆ ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮೂರನೆಯದಕ್ಕೆ ಎಲ್ಲರೂ ಸಂಚಿಕೆಯಲ್ಲಿ ಆ ಪುಟ ಹುಡುಕತೊಡಗಿದರು. ಮೊದಲ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಮಗಳು ನನ್ನನ್ನು ತಿವಿದು, “ಈಸ್ ದಟ್ ಟ್ರೂ?” ಎಂದು ಕೇಳಿದಳು. ಹೌದೆಂದೆ. ಅವಳು ಮೊಬೈಲು ಕೆಳಗಿಟ್ಟು ತಾಯಿಯ ಕಡೆ ನೋಡಿದಳು. ನನಗೆ ಹೊಟ್ಟೆ ತಣ್ಣಗಾಯಿತು. ಗೆದ್ದೆವು ಎಂದುಕೊಂಡೆ.

‘ಇವರಿಗೆ ಇಷ್ಟ ಇರಲಿಲ್ಲ’ ಎಂಬಲ್ಲಿಗೆ ಬಂದು ಆಂಟಿ ನಿಂತರು. ಮುಂದಿನ ಸಾಲು ‘ಆದ್ರೂ ನಾನು ಬಿಡಲಿಲ್ಲ’ ಎಂದು ನನಗೆ ಬಾಯಿಪಾಠವಾಗಿತ್ತು. ಅವರು ಕಾಗದದಿಂದ ಕಣ್ಣು ತೆಗೆದರು.

“ನಮ್ಮ ಗ್ಯಾರೇಜಿನ ಬಾಗಿಲು ಮರದ್ದು, ಭಾರ” ಎಂದರು. “ಈಗಿನ ಹಾಗೆ ಬಟನ್ ಒತ್ತಿದರೆ ಏಳುದಲ್ಲ. ನನ್ನ ಕೈಯಲ್ಲಿ ಆಗ್ತಿರ್ಲಿಲ್ಲ. ಶನಿವಾರ ಬೆಳಿಗ್ಗೆ ಯಾರೂ ಬರುವ ಮೊದಲು ಇವರು ಕೆಳಗೆ ಬಂದು, ಮಾತಾಡದೆ ಅದನ್ನು ಎತ್ತಿ, ಕೋಲು ಕೊಟ್ಟು ನಿಲ್ಲಿಸಿ, ಮೇಲೆ ಹೋಗ್ತಿದ್ದದ್ದು. ಒಂದು ಶನಿವಾರ ಕೂಡ ತಪ್ಪಿಸಲಿಲ್ಲ. ಅದು ನಾನಲ್ಲ. ಅದು ಅವರು ಮಾಡಿದ್ದು.”

ಚಪ್ಪಾಳೆ ಬಿತ್ತು. ಮಗಳು ಅಳುತ್ತಿದ್ದಳು. ನಾನು ಮಡಿಲಲ್ಲಿದ್ದ ಸಂಚಿಕೆಯನ್ನು ತೆರೆದು ಆ ಪುಟವನ್ನು ನೋಡಿದೆ. ನಾನು, ನಾನು, ನಾನು, ಇಷ್ಟ ಇಲ್ಲದ ಅವರು, ಮತ್ತೆ ನಾನು. ಸಭೆಯಲ್ಲಿ ಎಲ್ಲರ ಕೈಯಲ್ಲೂ ಅದೇ ಇತ್ತು. ಬಾಗಿಲು ಎತ್ತಿದವರು ಅದರಲ್ಲಿ ಎಲ್ಲಿಯೂ ಇರಲಿಲ್ಲ.